ಚಿತ್ರಕಥೆಯ ಪಾತ್ರವು ಯಾರ ಸೊತ್ತು?

ಅಂತರ್ಜಾಲದಲ್ಲಿ ಪ್ರಕಟವಾಗುವ ಚಿತ್ರಕಥೆಗಳನ್ನು ಕುರಿತು ವಿದ್ಯಾವಂತರ ಮನೆಗಳಲ್ಲಿ ಎರಡು ಮಾತುಗಳು ಸಾಮಾನ್ಯವಾಗಿ ಕೇಳಿಬರುತ್ತವೆ. ಅವು ಸಾಹಿತ್ಯವೆನಿಸಿಕೊಳ್ಳಲು ಯೋಗ್ಯವಲ್ಲವೆಂಬುದು ಮೊದಲನೆಯದು. ಸಂಪಾದಕನ ಪರೀಕ್ಷೆಯಿಲ್ಲದೆ, ಯಾರು ಬೇಕಾದರೂ ಗೀಚಿ ಲೋಕದ ಮುಂದಿಡಬಹುದಾದ ವಸ್ತುವಿಗೆ ಬೆಲೆಯೆಲ್ಲಿಯದೆಂದು ಕೇಳುವರು. ಅಂಥ ಕಥೆಯ ಪಾತ್ರವೊಂದು ಪ್ರಸಿದ್ಧವಾದರೆ ಅದರ ಲಾಭವು ಅದನ್ನು ಅಚ್ಚುಹಾಕಿದ ಅಥವಾ ಚಲನಚಿತ್ರವಾಗಿ ತೆಗೆದ ಸಂಸ್ಥೆಗೇ ಸಲ್ಲತಕ್ಕದ್ದೆಂಬುದು ಎರಡನೆಯದು. ಹಣ ಹಾಕಿದವನೇ ಒಡೆಯನಲ್ಲವೆ ಎಂದು ವಾದಿಸುವರು. ಈ ಎರಡು ಮಾತುಗಳೂ ಒಂದೇ ಬೇರಿನಿಂದ ಹೊರಟಿವೆ. ಪಾತ್ರವೆಂಬುದು ಹೇಗೆ ಹುಟ್ಟುತ್ತದೆಂಬುದನ್ನು ವಿಚಾರಿಸದಿರುವುದೇ ಆ ಬೇರು. ಹುಟ್ಟಿದ ಬಗೆಯನ್ನು ಅರಿತರೆ ಒಡೆತನ ಯಾರದೆಂಬುದು ತಾನಾಗಿಯೇ ಗೊತ್ತಾಗುವುದು.

ಒಂದು ನಿದರ್ಶನವನ್ನು ತೆಗೆದುಕೊಳ್ಳಬಹುದು. ಅಮೆರಿಕೆಯ ಬಾಲ್ಟಿಮೋರ್ ನಗರದಲ್ಲಿರುವ ಮೇರಿಲ್ಯಾಂಡ್ ಕಲಾ ಕಾಲೇಜಿನಲ್ಲಿ ಎನ್. ಡಿ. ಸ್ಟೀವನ್‌ಸನ್ ಎಂಬವರು ವಿದ್ಯಾರ್ಥಿಯಾಗಿದ್ದಾಗ, 2012ರಲ್ಲಿ, ‘ನಿಮೋನಾ’ ಎಂಬ ಚಿತ್ರಕಥೆಯನ್ನು ಜಾಲದಲ್ಲಿ ಬಿಡಿಬಿಡಿ ಪುಟಗಳಾಗಿ ಪ್ರಕಟಿಸತೊಡಗಿದರು. ವೆಬ್‌ಕಾಮಿಕ್ ಎಂಬ ಹೆಸರಿನಿಂದ ಕರೆಯಲ್ಪಡುವುದು ಇದೇ ಜಾತಿಯ ಕೃತಿ. ಬರೆದವರೇ ಪ್ರಕಾಶಕರು, ಓದುವವರು ಕಾಸು ಕೊಡಬೇಕಾಗಿಲ್ಲ, ಮುಂದಿನ ಪುಟ ಇನ್ನೂ ಕೈಯಲ್ಲಿರುವಾಗಲೇ ಹಿಂದಿನ ಪುಟ ವಾಚಕರ ಕಣ್ಣಿಗೆ ಬಿದ್ದಿರುತ್ತದೆ. ನಿಮೋನಾ ಎಂಬವಳು ಕಾಮರೂಪಿಣಿ. ಕ್ಷಣದಲ್ಲಿ ಶಾರ್ಕ್ ಮೀನಾಗುವಳು, ಮರುಕ್ಷಣದಲ್ಲಿ ಬೆಂಕಿಯುಗುಳುವ ಡ್ರ್ಯಾಗನ್ ಆಗುವಳು, ಮತ್ತೆ ಮೊಂಡು ಹುಡುಗಿಯಾಗಿ ನಿಲ್ಲುವಳು. ಲೋಕವೆಲ್ಲ ದುಷ್ಟನೆಂದು ನಿಂದಿಸುವ ಬ್ಯಾಲಿಸ್ಟರ್ ಬ್ಲ್ಯಾಕ್‌ಹಾರ್ಟ್ ಎಂಬವನ ಮನೆಗೆ ಬಂದು, ತಾನು ಅವನ ಸಹಾಯಕಿಯಾಗುವೆನೆಂದು ಅವಳು ತಾನೇ ಹೇಳಿಕೊಳ್ಳುವಳು. ಕಥೆ ಮುಂದುವರಿದಂತೆ ಆ ದುಷ್ಟನು ಸತ್ಪುರುಷನೆಂದೂ, ವೀರರನ್ನು ಸಾಕಿ ಮೆರೆಸುವ ಸಂಸ್ಥೆಯೇ ನಿಜವಾದ ದುಷ್ಟಶಕ್ತಿಯೆಂದೂ ತಿಳಿದುಬರುವುದು.

ಈ ಹುಡುಗಿಯನ್ನು ಸೃಷ್ಟಿಸೆಂದು ಯಾವ ಪ್ರಕಾಶಕನೂ ಹೇಳಿರಲಿಲ್ಲ. ಯಾವ ಕಂಪನಿಯೂ ಮುಂಗಡ ಹಣ ಕೊಟ್ಟಿರಲಿಲ್ಲ. ಅವಳು ವಿದ್ಯಾರ್ಥಿಯೊಬ್ಬರ ಅಭ್ಯಾಸದ ಹಾಳೆಗಳಿಂದ ಎದ್ದುಬಂದವಳು; ಆ ಕಥೆಯೇ ಅವರ ಕಾಲೇಜಿನ ಕಡೆಯ ವರ್ಷದ ಪ್ರಬಂಧವೂ ಆಯಿತು. ಮೊದಲ ಪುಟಗಳ ರೇಖೆಗಳನ್ನೂ ಕಡೆಯ ಪುಟಗಳ ರೇಖೆಗಳನ್ನೂ ಒಟ್ಟಿಗೆ ಇಟ್ಟು ನೋಡಿದವರಿಗೆ, ಒಂದು ಕೈ ಪಳಗಿದ ಬಗೆಯೂ ಒಂದು ಪಾತ್ರ ಆಳವಾದ ಬಗೆಯೂ ಒಮ್ಮೆಗೇ ಕಾಣುತ್ತವೆ. ಆರಂಭದಲ್ಲಿ ನಗೆಯ ಗೊಂಬೆಯಂತಿದ್ದವಳು ಮುಗಿಯುವ ವೇಳೆಗೆ ಕರುಣರಸದ ಪಾತ್ರವಾಗಿ ಬಿಡುವಳು. ಕಥೆ 2014ರಲ್ಲಿ ಮುಗಿಯಿತು. 2015ರಲ್ಲಿ ಹಾರ್ಪರ್‌ಕಾಲಿನ್ಸ್ ಸಂಸ್ಥೆ ಪುಸ್ತಕವಾಗಿ ಹೊರತಂದಿತು. ಅದೇ ವರ್ಷ ಅಮೆರಿಕೆಯ ನ್ಯಾಷನಲ್ ಬುಕ್ ಅವಾರ್ಡಿನ ಅಂತಿಮ ಪಟ್ಟಿಯಲ್ಲಿ ಅದಕ್ಕೆ ಸ್ಥಾನ ದೊರೆಯಿತು. 2016ರಲ್ಲಿ ಚಿತ್ರಕಥೆಗಳಿಗೆ ಸಲ್ಲುವ ಐಸ್ನರ್ ಬಹುಮಾನವೂ ಬಂದಿತು. ಸಂಪಾದಕನ ಪರೀಕ್ಷೆಯಿಲ್ಲದೆ ಹುಟ್ಟಿದ್ದು ಸಾಹಿತ್ಯವಾಗಲಾರದೆಂಬ ವಾದವು ಇಲ್ಲಿಗೇ ನಿಲ್ಲಬೇಕಾಗಿದ್ದಿತು.

ಆದರೆ ವಾದ ಮಾಡುವವರು ಅಷ್ಟಕ್ಕೇ ಸುಮ್ಮನಾಗುವವರಲ್ಲ. ಅದೊಂದು ಆಕಸ್ಮಿಕ, ಸಾವಿರಕ್ಕೊಂದು ಎನ್ನುವರು. ಚಿತ್ರಕಥೆಯ ಚರಿತ್ರೆಯನ್ನು ತಿರುವಿ ನೋಡಿದರೆ ಆ ಆಕಸ್ಮಿಕವೇ ನಿಯಮವೆಂಬುದು ತಿಳಿಯುತ್ತದೆ. ಜಾರ್ಜ್ ಹೆರಿಮನ್ ಎಂಬವರು 1910ರಲ್ಲಿ ವೃತ್ತಪತ್ರಿಕೆಯೊಂದಕ್ಕೆ ಒಂದು ಸಂಸಾರದ ಹಾಸ್ಯಚಿತ್ರಗಳನ್ನು ಬರೆಯುತ್ತಿದ್ದರು. ಚೌಕಗಳ ಅಡಿಯಲ್ಲಿ ಮಿಕ್ಕ ಜಾಗದಲ್ಲಿ, ವಿನೋದಕ್ಕೆಂದು, ಬೆಕ್ಕಿಗೆ ಕಲ್ಲೆಸೆಯುವ ಇಲಿಯೊಂದನ್ನು ಬರೆದರು. ಮೇಲಿನ ಸಂಸಾರವನ್ನು ಇಂದು ನೆನೆಯುವವರು ವಿರಳ. ಅಡಿಯಲ್ಲಿದ್ದ ಬೆಕ್ಕು 1913ರಲ್ಲಿ ‘ಕ್ರೇಜಿ ಕ್ಯಾಟ್’ ಎಂಬ ಸ್ವಂತ ಅಂಕಣವನ್ನು ಪಡೆದು, ಚಿತ್ರಕಥೆಯ ಇತಿಹಾಸದಲ್ಲಿ ಮೇಲುಸ್ಥಾನದಲ್ಲಿ ಕುಳಿತಿತು. ಇ. ಸಿ. ಸೀಗರ್ ಎಂಬವರು 1919ರಲ್ಲಿ ಆರಂಭಿಸಿದ ‘ಥಿಂಬಲ್ ಥಿಯೇಟರ್’ ಎಂಬ ಚಿತ್ರಮಾಲೆಯಲ್ಲಿ ಸುಮಾರು ಒಂಬತ್ತು ವರ್ಷಗಳ ಕಾಲ ಬೇರೆ ಜನರೇ ಮುಖ್ಯರಾಗಿದ್ದರು. 1929ರ ಜನವರಿಯಲ್ಲಿ ಅವರಿಗೆ ಒಂದು ಹಡಗಿನ ಪ್ರಯಾಣ ಬಂದೊದಗಿತು. ಅದಕ್ಕಾಗಿ ಒಬ್ಬ ನಾವಿಕನನ್ನು ಕೂಲಿಗೆ ಕರೆದರು. ಕೆಲಸ ಮುಗಿದೊಡನೆ ಹೋಗಬೇಕಾಗಿದ್ದ ಆ ಒಕ್ಕಣ್ಣ ನಾವಿಕನನ್ನು ವಾಚಕರು ಹೋಗಗೊಡಲಿಲ್ಲ. ಅವನೇ ಪೊಪೈ.

ಜಾಲದ ಯುಗದಲ್ಲಿಯೂ ಹೀಗೆಯೇ ಆಗಿದೆ. ಇಂಗ್ಲೆಂಡಿನ ಆಲಿಸ್ ಓಸ್ಮನ್ ಎಂಬ ಲೇಖಕರ 2014ರ ಕಾದಂಬರಿಯೊಂದರಲ್ಲಿ ಕಥಾನಾಯಕಿಯ ತಮ್ಮನೂ ಅವನ ಗೆಳೆಯನೂ ಪಕ್ಕದ ಪಾತ್ರಗಳಾಗಿದ್ದರು. ಲೇಖಕರ ಮನಸ್ಸು ಅವರನ್ನು ಬಿಡಲಿಲ್ಲ. 2016ರಲ್ಲಿ ಆ ಇಬ್ಬರ ಪ್ರೇಮವನ್ನೇ ಕಥೆಯಾಗಿಸಿ ‘ಹಾರ್ಟ್‌ಸ್ಟಾಪರ್’ ಎಂಬ ಹೆಸರಿನಿಂದ ಜಾಲದಲ್ಲಿ ಚಿತ್ರಿಸತೊಡಗಿದರು. ರ‍್ಯಾಂಡಲ್ ಮನ್ರೊ ಎಂಬವರು ವಿದ್ಯಾರ್ಥಿಯಾಗಿದ್ದಾಗ ನೋಟುಪುಸ್ತಕಗಳಲ್ಲಿ ಗೀಚಿಟ್ಟಿದ್ದ ಚಿತ್ರಗಳನ್ನು 2005ರಲ್ಲಿ ಜಾಲಕ್ಕೇರಿಸಿದ್ದರಿಂದಲೇ ‘ಎಕ್ಸ್‌ಕೆಸಿಡಿ’ ಎಂಬ ಪ್ರಖ್ಯಾತ ಚಿತ್ರಮಾಲೆ ಆರಂಭವಾಯಿತು. ಅದರ ಮನುಷ್ಯರಿಗೆ ಮುಖವೇ ಇಲ್ಲ. ಕಡ್ಡಿಯಂಥ ಕೈಕಾಲು, ಸೊನ್ನೆಯಂಥ ತಲೆ. ಒಬ್ಬನನ್ನು ಗುರುತಿಸಬೇಕಾದರೆ ಅವನ ಕಪ್ಪು ಟೋಪಿಯೇ ಗತಿ. ಆದರೂ ಗಣಿತ, ಭೌತವಿಜ್ಞಾನಗಳನ್ನು ಬಲ್ಲವರು ಅವರ ಮಾತುಗಳಿಗಾಗಿ ಕಾದಿರುತ್ತಾರೆ. ನೆಟ್ಟನೆಯ ಮೂಗನ್ನೂ ತಿದ್ದಿದ ಹುಬ್ಬನ್ನೂ ಬರೆಯಬಲ್ಲವರು ಎಷ್ಟೋ ಮಂದಿ. ಮುಖವಿಲ್ಲದವನಿಗೆ ಸ್ವಭಾವವನ್ನು ಕೊಡಬಲ್ಲವರು ಕೆಲವರೇ.

ಈ ನಿದರ್ಶನಗಳೆಲ್ಲದರಿಂದ ತಿಳಿಯುವುದಿಷ್ಟು. ಜೀವವುಳ್ಳ ಪಾತ್ರವು ಅಪ್ಪಣೆಗೆ ಹುಟ್ಟುವುದು ಅಪರೂಪ. ಯಾರೂ ಕಾವಲಿಲ್ಲದ ಪುಟದಂಚಿನಲ್ಲಿ, ಕೈಯು ತನ್ನ ಸಂತೋಷಕ್ಕೆ ಆಡುತ್ತಿರುವಾಗ ಅದು ಹುಟ್ಟುವುದು. ಆಮೇಲೆ ದಿನದಿನವೂ ವಾಚಕರೆದುರಿಗೆ ದುಡಿದು ಬೆಳೆಯುವುದು. ಜಾಲವು ಅಂಥ ಅಂಚನ್ನು ಎಲ್ಲರಿಗೂ ತೆರೆದಿಟ್ಟಿದೆ. ಅಲ್ಲಿ ಕಸವೂ ಬೆಳೆಯುವುದೆಂಬುದು ನಿಜ. ಗದ್ದೆಯಲ್ಲಿ ಕಳೆಯಿದೆಯೆಂದು ಭತ್ತವನ್ನು ಹಳಿಯುವವರುಂಟೆ? ತಾಳಮದ್ದಳೆಯ ಅರ್ಥಧಾರಿಯು ಆ ಕ್ಷಣದಲ್ಲಿ ಹೊಳೆದುದನ್ನು ಸಭೆಯ ಮುಂದೆ ನುಡಿಯುವನು. ಅದನ್ನು ಮುಂಚಿತವಾಗಿ ತಿದ್ದಿದ ಸಂಪಾದಕರಿಲ್ಲವೆಂದು ಯಾವ ರಸಿಕನೂ ಎದ್ದುಹೋಗುವುದಿಲ್ಲ. ಎದುರಿಗೆ ಕುಳಿತ ಸಭೆಯೇ ಅಲ್ಲಿ ಪರೀಕ್ಷಕ. ಜಾಲದ ಚಿತ್ರಕಥೆಗೂ ಅದೇ ಪರೀಕ್ಷೆ. ಇಂದಿನ ಪುಟ ಸಪ್ಪೆಯಾದರೆ ನಾಳೆ ಯಾರೂ ಬರುವುದಿಲ್ಲ.

ಬಾಗಿಲು ಕಾಯುವವರ ವಿವೇಕವನ್ನು ಅತಿಯಾಗಿ ಹೊಗಳುವವರು ಸೂಪರ್‌ಮ್ಯಾನನ ಜನ್ಮವೃತ್ತಾಂತವನ್ನು ಸ್ವಲ್ಪ ಓದಿಕೊಳ್ಳುವುದು ಒಳ್ಳೆಯದು. ಅಮೆರಿಕೆಯ ಕ್ಲೀವ್‌ಲೆಂಡ್ ನಗರದ ಒಂದೇ ಪ್ರೌಢಶಾಲೆಯಲ್ಲಿ ಓದಿದ ಜೆರಿ ಸೀಗೆಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ಬಡ ಹುಡುಗರು, 1933ರಲ್ಲಿ, ತಾವೇ ಪ್ರತಿಮಾಡಿ ಹಂಚುತ್ತಿದ್ದ ಸಣ್ಣ ಪತ್ರಿಕೆಯೊಂದರಲ್ಲಿ ಆ ಹೆಸರನ್ನು ಮೊದಲು ಬಳಸಿದರು. ಆ ಮೊದಲ ಸೂಪರ್‌ಮ್ಯಾನನು ಲೋಕವನ್ನಾಳಬೇಕೆನ್ನುವ ಬೋಳುತಲೆಯ ದುಷ್ಟ. ಹುಡುಗರು ಅವನನ್ನು ತಿದ್ದಿ ದೀನರಕ್ಷಕನನ್ನಾಗಿ ಮಾಡಿದರು. ಮೈಗೆ ಕವಚದಂಥ ಉಡುಪನ್ನೂ ಬೆನ್ನಿಗೆ ಮೇಲುಹೊದಿಕೆಯನ್ನೂ ತೊಡಿಸಿದರು. ವೃತ್ತಪತ್ರಿಕೆಗಳಿಗೆ ಚಿತ್ರಗಳನ್ನೊದಗಿಸುವ ಸಂಸ್ಥೆಗಳ ಬಾಗಿಲುಗಳನ್ನು ವರ್ಷಗಟ್ಟಲೆ ತಟ್ಟಿದರು. ಒಂದೊಂದು ಬಾಗಿಲಿನಿಂದಲೂ ಚಿತ್ರಗಳು ಹಿಂದಕ್ಕೆ ಬಂದವು. ಇಪ್ಪತ್ತನೆಯ ಶತಮಾನದಲ್ಲಿ ಲೋಕವೆಲ್ಲ ಬಲ್ಲ ಪಾತ್ರಗಳಲ್ಲೊಂದನ್ನು ತಿರಸ್ಕರಿಸಿದವರು ಆ ವಿವೇಕಿಗಳೇ. ಆ ಹುಡುಗರ ಕೈಪ್ರತಿಯ ಪತ್ರಿಕೆಯು ಇಂದಿನ ವೆಬ್‌ಕಾಮಿಕ್ಕಿನ ಅಜ್ಜನೆಂದರೆ ತಪ್ಪಾಗಲಾರದು.

ಮುಂದೆ ನಡೆದುದು ಇನ್ನೂ ಶೋಚನೀಯವಾದುದು. 1938ರ ಮಾರ್ಚ್ ತಿಂಗಳಲ್ಲಿ ಪ್ರಕಾಶಕನೊಬ್ಬನು ಹದಿಮೂರು ಪುಟಗಳ ಕಥೆಯನ್ನು ಪುಟಕ್ಕೆ 10 ಡಾಲರಿನಂತೆ 130 ಡಾಲರಿಗೆ ಕೊಂಡನು. ಕಾಗದದ ಕೆಳಗೆ ಹಾಕಿದ ರುಜುವಿನೊಡನೆ ಪಾತ್ರದ ಸರ್ವಸ್ವಾಮ್ಯವೂ ಹೋಯಿತು. ಕಥೆಯು ಅದೇ ವರ್ಷದ ಜೂನ್ ತಿಂಗಳ ಹೆಸರಿನಲ್ಲಿ ‘ಆಕ್ಷನ್ ಕಾಮಿಕ್ಸ್’ ಎಂಬ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಹೊರಬಂದು ದೇಶವನ್ನೇ ಗೆದ್ದಿತು. 1947ರಲ್ಲಿ ಸೃಷ್ಟಿಕರ್ತರು ನ್ಯಾಯಾಲಯಕ್ಕೆ ಹೋದರು. ಮರುವರ್ಷ ಸ್ವಲ್ಪ ಹಣವನ್ನು ಪಡೆದು ರಾಜಿಯಾಗಬೇಕಾಯಿತು. ಕೆಲಸವೂ ಹೋಯಿತು, ಕಥೆಯ ತಲೆಯ ಮೇಲಿದ್ದ ಹೆಸರೂ ಹೋಯಿತು. ಹೆಚ್ಚುಕಡಮೆ ಮೂರು ದಶಕಗಳ ಮೇಲೆ, ಶುಸ್ಟರರ ದೃಷ್ಟಿ ಮಂದವಾಗಿದ್ದ ಕಾಲದಲ್ಲಿ, ಜನರ ನಿಂದೆಗೆ ಅಂಜಿ, ಆಗಿನ ಒಡೆಯ ಸಂಸ್ಥೆಯು 1975ರಲ್ಲಿ ಒಬ್ಬೊಬ್ಬರಿಗೆ ವರ್ಷಕ್ಕೆ 20,000 ಡಾಲರುಗಳ ವೇತನವನ್ನು ಗೊತ್ತುಮಾಡಿ ಅವರ ಹೆಸರುಗಳನ್ನು ಮರಳಿ ಅಚ್ಚುಹಾಕಲೊಪ್ಪಿತು. ಆ 130 ಡಾಲರು ಸೇರಿದ್ದ 412 ಡಾಲರಿನ ಹಳೆಯ ಚೆಕ್ಕು 2012ರಲ್ಲಿ ಹರಾಜಿಗೆ ಬಂದಾಗ 1,60,000 ಡಾಲರಿಗೆ ಹೋಯಿತು. ಅಷ್ಟು ಹೊತ್ತಿಗೆ ಇಬ್ಬರೂ ತೀರಿಕೊಂಡಿದ್ದರು.

ಹಣ ಹಾಕಿದವನೇ ಒಡೆಯನೆನ್ನುವವರು ಈ ವೃತ್ತಾಂತಕ್ಕೆ ಏನು ಉತ್ತರ ಕೊಡುವರು? ಕರಾರು ಕರಾರೇ, ರುಜು ಹಾಕಿದ ಮೇಲೆ ಅಳುವುದೇಕೆ ಎನ್ನಬಹುದು. ಆದರೆ ಇಪ್ಪತ್ತಮೂರು ವರ್ಷದ ಬಡವನೂ ಮುದ್ರಣಾಲಯದ ಒಡೆಯನೂ ಕೂಡಿ ಮಾಡಿಕೊಂಡ ಕರಾರಿನಲ್ಲಿ ಸಮಾನತೆಯೆಲ್ಲಿಯದು? ಅಚ್ಚಿನ ಯಂತ್ರವೂ ಅಂಗಡಿಯ ದಾರಿಯೂ ಒಬ್ಬನ ಕೈಯಲ್ಲಿದ್ದುದರಿಂದ ಮತ್ತೊಬ್ಬನು ಕೊಟ್ಟಷ್ಟಕ್ಕೆ ತೃಪ್ತನಾಗಬೇಕಾಯಿತು. ಕಂಪನಿಯ ಹಣವು ಪಾತ್ರವನ್ನು ಊರೂರಿಗೆ ಒಯ್ದಿತೆಂಬುದು ಸತ್ಯ. ಅದಕ್ಕೆ ತಕ್ಕ ಲಾಭವು ಅದಕ್ಕೆ ಸಲ್ಲಬೇಕೆಂಬುದೂ ನ್ಯಾಯ. ಮದುವೆಯ ದಿಬ್ಬಣವನ್ನು ಸಾಗಿಸಿದ ಗಾಡಿಯವನಿಗೆ ಬಾಡಿಗೆ ಕೊಡಬೇಕು. ಮದುಮಗಳು ಯಾರ ಮನೆಯವಳೆಂದು ಹೇಳುವ ಅಧಿಕಾರ ಅವನದಲ್ಲ.

ಹಣವುಳ್ಳವರೆಲ್ಲ ಕಟುಕರೆಂದು ಇದರ ಅರ್ಥವಲ್ಲ. ‘ಕ್ರೇಜಿ ಕ್ಯಾಟ್’ ಬಹುಜನಪ್ರಿಯವಾಗಿರಲಿಲ್ಲ. ಆದರೂ ಪತ್ರಿಕೆಗಳ ಒಡೆಯರಾಗಿದ್ದ ವಿಲಿಯಂ ರಾಂಡಾಲ್ಫ್ ಹರ್ಸ್ಟ್ ಎಂಬವರು ಅದನ್ನು ಮೆಚ್ಚಿ ಕಡೆಯವರೆಗೂ ಪೋಷಿಸಿದರು. 1944ರಲ್ಲಿ ಹೆರಿಮನ್ ತೀರಿಕೊಂಡಾಗ ಆ ಬೆಕ್ಕನ್ನು ಇನ್ನೊಬ್ಬನ ಕೈಗೆ ಕೊಡದೆ ಚಿತ್ರಮಾಲೆಯನ್ನೇ ನಿಲ್ಲಿಸಿದರು. ಪಾತ್ರವು ಅದನ್ನು ಸೃಷ್ಟಿಸಿದ ಕೈಗೆ ಸೇರಿದ್ದೆಂಬುದನ್ನು ಆ ಧನಿಕರು ಬಲ್ಲವರಾಗಿದ್ದರು. ಆದರೆ ಕಲಾವಿದನ ಬಾಳು ಒಡೆಯನ ಸದ್ಗುಣವನ್ನೇ ನೆಚ್ಚಿರಬೇಕೆ? ಒಬ್ಬ ಹರ್ಸ್ಟ್ ದೊರೆತುದು ಹೆರಿಮನ್ನರ ಭಾಗ್ಯ. ಭಾಗ್ಯವನ್ನು ನಂಬಿ ಕಾನೂನನ್ನು ಮರೆಯುವುದು ವಿವೇಕವಲ್ಲ.

ಬಿಟ್ಟಿಯಾಗಿ ಕೊಟ್ಟುದಕ್ಕೆ ಬೆಲೆಯಿರುವುದಿಲ್ಲ, ಸ್ವಾಮ್ಯವನ್ನು ಕಂಪನಿಗೆ ಮಾರದೆ ಹೊಟ್ಟೆ ಹೊರೆಯುವುದೆಂತು ಎಂಬ ಇನ್ನೊಂದು ಆಕ್ಷೇಪವುಂಟು. ಇದಕ್ಕೆ ರಿಚ್ ಬರ್ಲೂ ಎಂಬವರ ‘ದಿ ಆರ್ಡರ್ ಆಫ್ ದಿ ಸ್ಟಿಕ್’ ಉತ್ತರ ಕೊಡುತ್ತದೆ. ಅವರು 2003ರಲ್ಲಿ ಈ ಚಿತ್ರಮಾಲೆಯನ್ನು ತೊಡಗಿದ್ದು, ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಕಾಲ್ಪನಿಕ ಸಾಹಸದ ಆಟದ ನಿಯಮಗಳನ್ನು ಹಾಸ್ಯಮಾಡುವುದಕ್ಕೆ. ಕಡ್ಡಿಯಾಕೃತಿಯ ಆರು ಜನ ಸಾಹಸಿಗರು ಆ ಹಾಸ್ಯಕ್ಕೆ ನೆಪಮಾತ್ರವಾಗಿದ್ದರು. ಬರೆಯುತ್ತ ಬರೆಯುತ್ತ ಅವರಿಗೆ ತಂದೆತಾಯಿಗಳು, ಹಳೆಯ ಹಗೆಗಳು, ಭಯಗಳು, ಆಸೆಗಳು ಒದಗಿ ಬಂದು, ಹಾಸ್ಯವು ದೀರ್ಘಕಥೆಯಾಯಿತು. ಕಥೆಯನ್ನು ಜಾಲದಲ್ಲಿ ಯಾರು ಬೇಕಾದರೂ ಬಿಟ್ಟಿಯಾಗಿ ಓದಬಹುದಾಗಿದ್ದಿತು. 2012ರಲ್ಲಿ, ಮುಗಿದುಹೋದ ಪುಸ್ತಕಪ್ರತಿಗಳ ಪುನರ್ಮುದ್ರಣಕ್ಕೆಂದು ಅವರು ಕಿಕ್‌ಸ್ಟಾರ್ಟರ್ ಮೂಲಕ ವಾಚಕರಲ್ಲಿ 57,750 ಡಾಲರುಗಳನ್ನು ಬೇಡಿದರು. 14,952 ಮಂದಿ ಸೇರಿ 12,54,120 ಡಾಲರುಗಳನ್ನು ಕೊಟ್ಟರು. ಬಿಟ್ಟಿ ಓದಿದವರೇ ಕೈಯೆತ್ತಿ ಕೊಟ್ಟವರು. ಸೂಪರ್‌ಮ್ಯಾನನ 130 ಡಾಲರಿನ ಪಕ್ಕದಲ್ಲಿ ಈ ಲೆಕ್ಕವನ್ನಿಟ್ಟು ನೋಡಿದರೆ, ಎಪ್ಪತ್ತನಾಲ್ಕು ವರ್ಷಗಳಲ್ಲಿ ಏನು ಬದಲಾಯಿತೆಂಬುದು ತಿಳಿಯುವುದು. ಮುದ್ರಣಯಂತ್ರದ ಒಡೆಯನು ನಡುವೆ ನಿಂತಿರಲಿಲ್ಲ; ಪಾತ್ರಗಳು ಸೃಷ್ಟಿಸಿದವರ ಕೈಯಲ್ಲಿಯೇ ಉಳಿದಿದ್ದವು. ಎಲ್ಲರಿಗೂ ಅಷ್ಟು ಹಣ ದೊರೆಯಲಾರದೆಂಬುದು ನಿಜ. ಆದರೆ ಮಾರಿಕೊಳ್ಳುವುದೊಂದೇ ದಾರಿಯೆಂಬ ಮಾತು ಸುಳ್ಳಾಯಿತು.

ಇಷ್ಟರಿಂದ ಅಪಾಯ ತೀರಿತೆಂದು ತಿಳಿಯಬಾರದು. ನಿಮೋನಾಳ ಕಥೆಯೇ ಮತ್ತೆ ಸಾಕ್ಷಿ. ಅದರ ಚಲನಚಿತ್ರದ ಹಕ್ಕು 2015ರಲ್ಲಿ ಫಾಕ್ಸ್ ಸಂಸ್ಥೆಗೆ ಹೋಯಿತು. ಅದರ ಅಂಗವಾದ ಬ್ಲೂ ಸ್ಕೈ ಎಂಬ ಚಿತ್ರಶಾಲೆಯು ಚಿತ್ರವನ್ನು ಸಿದ್ಧಪಡಿಸುತ್ತಿದ್ದಿತು. 2019ರಲ್ಲಿ ಫಾಕ್ಸ್ ಸಂಸ್ಥೆಯನ್ನು ಡಿಸ್ನಿ ಕೊಂಡಿತು. 2021ರಲ್ಲಿ ಚಿತ್ರಶಾಲೆಯನ್ನು ಮುಚ್ಚಿಬಿಟ್ಟಿತು. ಬಹುಮಟ್ಟಿಗೆ ಸಿದ್ಧವಾಗಿದ್ದ ಚಿತ್ರವು ನಡುಹಾದಿಯಲ್ಲಿ ನಿಂತಿತು. ಪಾತ್ರವು ಕಂಪನಿಯೊಂದರಲ್ಲಿ ಮಾತ್ರ ಬದುಕಿದ್ದರೆ ಅಂದೇ ಅದರ ಉಸಿರು ನಿಲ್ಲುತ್ತಿದ್ದಿತು. ಆದರೆ ಪುಸ್ತಕವು ಅದಕ್ಕೆ ಮೊದಲೇ ಓದುಗರ ಮನೆಗಳಲ್ಲಿದ್ದಿತು, ಮಕ್ಕಳ ಮನಸ್ಸಿನಲ್ಲಿದ್ದಿತು. ಮರುವರ್ಷ ಅನ್ನಪೂರ್ಣಾ ಎಂಬ ಬೇರೊಂದು ಸಂಸ್ಥೆಯು ಚಿತ್ರವನ್ನು ಕೈಗೆತ್ತಿಕೊಂಡಿತು. 2023ರಲ್ಲಿ ಅದು ನೆಟ್‌ಫ್ಲಿಕ್ಸಿನಲ್ಲಿ ಬೆಳಕು ಕಂಡಿತು. ಸಂಸ್ಥೆಗಳು ಕೊಳ್ಳುವುವು, ಮಾರುವುವು, ಮುಚ್ಚುವುವು. ಅವುಗಳ ಲೆಕ್ಕದ ಪುಸ್ತಕದಲ್ಲಿ ಪಾತ್ರವೆಂಬುದು ಒಂದು ಬಾಬ್ತು ಮಾತ್ರ.

ಈ ವಿಷಯದಲ್ಲಿ ಭಾರತದ ಕಾನೂನು ಅಷ್ಟೇನೂ ದುರ್ಬಲವಾದುದಲ್ಲ. ಅದನ್ನು ತಿಳಿಯದವರು ದುರ್ಬಲರು. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಚಿತ್ರ ಬರೆದವನೇ ಸಾಧಾರಣವಾಗಿ ಮೊದಲ ಒಡೆಯ; ಅವನ ಜೀವಮಾನವೂ ಆ ಮೇಲೆ 60 ವರ್ಷಗಳೂ ಹಕ್ಕು ನಡೆಯುತ್ತದೆ. ಸಂಬಳದ ನೌಕರಿಯಲ್ಲಿ ಕೆಲಸದ ಭಾಗವಾಗಿ ಬರೆದುದಾದರೆ, ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ, ಅದು ಒಡೆಯನ ಸೊತ್ತಾಗುವುದು. ಹಕ್ಕಿನ ವರ್ಗಾವಣೆಯು ಬರಹದಲ್ಲಿರಬೇಕು, ಅದಕ್ಕೆ ರುಜುವಿರಬೇಕು. ಅವಧಿಯನ್ನು ನಮೂದಿಸದಿದ್ದರೆ ಐದು ವರ್ಷಗಳೆಂದೇ ತಿಳಿಯತಕ್ಕದ್ದು. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದೆ ಹೋದರೆ, ಕರಾರಿನಲ್ಲಿ ಬೇರೆ ಮಾತಿಲ್ಲದ ಪಕ್ಷದಲ್ಲಿ, ಆ ವರ್ಗಾವಣೆಯು ಬಿದ್ದುಹೋಗುವುದು. ಹಕ್ಕನ್ನು ಮಾರಿದ ಮೇಲೂ, ಕೃತಿ ತನ್ನದೆಂದು ಹೇಳುವ ಅಧಿಕಾರವೂ, ತನ್ನ ಮಾನಕ್ಕೆ ಕುಂದು ಬರುವಂತೆ ಅದನ್ನು ವಿಕಾರಗೊಳಿಸಿದರೆ ತಡೆಯುವ ಅಧಿಕಾರವೂ ಕರ್ತೃವಿಗೆ ಉಳಿದಿರುತ್ತವೆ. ಹೀಗಿರುವಲ್ಲಿ, ಸಣ್ಣಕ್ಷರದ ಕರಾರನ್ನು ಓದದೆ ರುಜುಮಾಡುವುದು ಕೈಯಲ್ಲಿ ದೀಪವಿಟ್ಟುಕೊಂಡು ಬಾವಿಗೆ ಬಿದ್ದಂತೆ.

ಆದಕಾರಣ ವಿದ್ಯಾವಂತ ಕುಟುಂಬಗಳು ಮಾಡತಕ್ಕ ಕೆಲಸವೊಂದಿದೆ. ಗಣಿತದ ನೋಟುಪುಸ್ತಕದ ಅಂಚಿನಲ್ಲಿ ಮಗನೋ ಮಗಳೋ ಕಡ್ಡಿಗೊಂಬೆಗಳನ್ನು ಬರೆದುದನ್ನು ಕಂಡು ಗದರಿಸುವ ತಂದೆತಾಯಿಗಳು, ಆ ಗೊಂಬೆಗಳು ಏನು ಮಾತನಾಡುತ್ತಿವೆಯೆಂಬುದನ್ನು ಒಮ್ಮೆ ಓದಲಿ. ಲೆಕ್ಕ ತಪ್ಪಿದ್ದರೆ ಲೆಕ್ಕವನ್ನು ತಿದ್ದಲಿ, ಗೊಂಬೆಯನ್ನು ಅಳಿಸದಿರಲಿ. ಬೆಳೆದ ಮಕ್ಕಳು ಜಾಲದಲ್ಲಿ ಚಿತ್ರಕಥೆಯನ್ನು ನಡೆಸುತ್ತಿದ್ದರೆ, ಹೊತ್ತು ಹಾಳೆಂದು ಮೂದಲಿಸುವ ಬದಲು, ಮೊದಲ ಕರಾರು ಬಂದ ದಿನ ಅದನ್ನು ಬಲ್ಲವರಿಗೆ ತೋರಿಸಿ ಅರ್ಥಮಾಡಿಸಿಕೊಡಲಿ. ಪತ್ರಿಕೆಗಳೂ ಪ್ರಕಾಶಕರೂ ಪಾತ್ರದ ಸ್ವಾಮ್ಯವನ್ನು ಕರ್ತೃವಿಗೇ ಬಿಟ್ಟು, ತಮಗೆ ಬೇಕಾದಷ್ಟು ಮುದ್ರಣದ ಹಕ್ಕನ್ನು ಗೊತ್ತಾದ ಅವಧಿಗೆ ಪಡೆಯಲಿ. ಜಿಲ್ಲೆಜಿಲ್ಲೆಯ ಸಾಹಿತ್ಯಸಂಘಗಳು ಕವಿಗೋಷ್ಠಿಗೆ ಕೊಡುವ ವೇಳೆಯಲ್ಲಿ ಒಂದು ಸಂಜೆಯನ್ನು ಈ ಕಾಯಿದೆಯ ವಿವರಣೆಗೆ ಕೊಟ್ಟರೆ ಕವಿಗಳಿಗೂ ಅದರಿಂದ ಉಪಕಾರವೇ ಆಗುವುದು.

ಅಂಚಿನಲ್ಲಿ ಹುಟ್ಟಿದ ಗೊಂಬೆಯು ನಾಳೆ ಎಷ್ಟು ದೇಶಗಳ ಮಕ್ಕಳನ್ನು ನಗಿಸುವುದೆಂಬುದನ್ನು ಯಾವ ಸಂಪಾದಕನೂ ಯಾವ ವರ್ತಕನೂ ಮುಂಚಿತವಾಗಿ ಹೇಳಲಾರನು. ಅದು ಯಾರ ಕೈಯಿಂದ ಹುಟ್ಟಿತೆಂಬುದನ್ನು ಮಾತ್ರ ಎಲ್ಲರೂ ಹೇಳಬಲ್ಲರು. ಆ ಕೈಯ ಹೆಸರು ಪುಟದ ಮೇಲೆ ಇರಬೇಕು, ಆ ಕೈಗೆ ಸಲ್ಲಬೇಕಾದುದು ಸಲ್ಲಬೇಕು. ಇದಕ್ಕಿಂತ ಹೆಚ್ಚಿನದನ್ನು ಸೀಗೆಲ್ಲರೂ ಶುಸ್ಟರರೂ ಬೇಡಿರಲಿಲ್ಲ. ಇದಕ್ಕಿಂತ ಕಡಮೆಯಾದುದಕ್ಕೆ ಮುಂದೆ ಬರುವವರು ಒಪ್ಪಬೇಕಾಗಿಲ್ಲ.